ಐಟಿಐಗೆ ಮುನ್ನ: ವ್ಯಕ್ತಿತ್ವ ಪರೀಕ್ಷೆಯೋ, ಕೈಗೆ ಅರ ಕೊಟ್ಟು ನೋಡುವುದೋ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲೆ ಹಾಸನದ ಹಲವು ಮನೆಗಳಲ್ಲಿ ಇದೇ ಚರ್ಚೆ: ಐಟಿಐಯಲ್ಲಿ 2 ವರ್ಷದ ಫಿಟ್ಟರ್ (ಲೋಹದ ಭಾಗಗಳನ್ನು ಉಜ್ಜಿ, ಅಳತೆಗೆ ತಂದು ಜೋಡಿಸುವ ಕೆಲಸ) ಕೋರ್ಸೋ, 1 ವರ್ಷದ ಡೀಸೆಲ್ ಮೆಕ್ಯಾನಿಕ್ಕೋ? ಅಥವಾ ಈ ಹುಡುಗನಿಗೆ ಯಂತ್ರದ ಕೆಲಸವೇ ಒಗ್ಗುವುದಿಲ್ಲವೋ?

ಮೊಬೈಲಿನಲ್ಲಿ ಸುಲಭವಾಗಿ ಸಿಗುವುದು ಜನರನ್ನು 16 ಬಗೆಯಾಗಿ ವಿಂಗಡಿಸುವ ಮೈಯರ್ಸ್-ಬ್ರಿಗ್ಸ್ ಮಾದರಿಯ ಪರೀಕ್ಷೆ. ಆ ಬಗೆಗಳಲ್ಲಿ ಒಂದಾದ ಐಎಸ್‌ಟಿಪಿ ಎಂದು ಬಂದರೆ ಹುಟ್ಟು ಮೆಕ್ಯಾನಿಕ್ ಎಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಅದು ಒಲವನ್ನು ಕೇಳುತ್ತದೆಯೇ ಹೊರತು ಕೈಚಳಕವನ್ನು ಅಳೆಯುವುದಿಲ್ಲ. ಉದ್ಯೋಗದ ಆಯ್ಕೆಗೆಂದೇ ರೂಪುಗೊಂಡ, ಅಮೆರಿಕದ ಮನೋವಿಜ್ಞಾನಿ ಜಾನ್ ಹಾಲೆಂಡ್ ಅವರ ಆರು ಬಗೆಗಳ ವಿಂಗಡಣೆ ಇದಕ್ಕಿಂತ ಮೇಲು; ಆದರೆ ಅದೂ ಆಸಕ್ತಿಯ ಲೆಕ್ಕವೇ. ಯಂತ್ರಗಳ ತಿಳಿವನ್ನು ಅಳೆಯುವ ಬೆನೆಟ್ ಪರೀಕ್ಷೆ ಹಲ್ಲುಚಕ್ರ, ರಾಟೆ, ಸನ್ನೆಗೋಲುಗಳ ಚಿತ್ರ ತೋರಿಸಿ ಯಾವುದು ಯಾವ ಕಡೆಗೆ ತಿರುಗುತ್ತದೆ ಎಂದು ಕೇಳುತ್ತದೆ. ಇದು ವಿಷಯಕ್ಕೆ ಹತ್ತಿರ, ಆದರೂ ಕಾಗದದ ಮೇಲಿನದು.

ನಮ್ಮಕ್ಕನ ಮಗ ಬಾಯಿ ಮುಚ್ಚದ ಮಾತುಗಾರ. ಮೊಬೈಲಿನ ವ್ಯಕ್ತಿತ್ವ ಪರೀಕ್ಷೆ ಅವನಿಗೆ ಮಾರಾಟದ ಕೆಲಸ ಸೂಚಿಸಿತ್ತು. ಬಿ.ಎಂ. ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಅವನ ಕೈಗೆ ಅರ, ಒಂದು ಕಬ್ಬಿಣದ ತುಂಡು ಕೊಟ್ಟರು. ಉಜ್ಜಿದ ಅಂಚಿಗೆ ಮೂಲೆಮಟ್ಟ ಹಿಡಿದು, ಬೆಳಕಿಗೆ ಎತ್ತಿ, ಸಂದಿನಲ್ಲಿ ಇಣುಕುವ ಬೆಳಕಿನ ಗೆರೆಯನ್ನು ನೋಡಿದ, ಮತ್ತೆ ಉಜ್ಜಿದ. ಮುಕ್ಕಾಲು ಗಂಟೆ ಒಂದು ಮಾತೂ ಇಲ್ಲ.

ಫಿಟ್ಟರ್‌ಗೆ ಬೇಕಾದದ್ದು ಈ ತಾಳ್ಮೆ. ಇಂಜಿನ್ನಿನ ಸದ್ದಿಗೇ ಕಿವಿ ನೆಟ್ಟಗಾಗುವ, ದೋಷ ಹುಡುಕುವುದರಲ್ಲೇ ಖುಷಿ ಕಾಣುವ ಮಕ್ಕಳಿಗೆ ಡೀಸೆಲ್ ಮೆಕ್ಯಾನಿಕ್ ಒಳ್ಳೆಯದು. ಅರ್ಜಿ ತುಂಬುವ ಮೊದಲು ಪರಿಚಯದ ವರ್ಕ್‌ಶಾಪಿನಲ್ಲಿ ಒಂದು ವಾರ ಕೂರಿಸಿ, ಹೆಣ್ಣುಮಕ್ಕಳನ್ನೂ.