ಉಳುಕುವ ಆಂಕಲ್‌ಗೆ ಗಟ್ಟಿ ಟೇಪ್: ಎರಡು ಸೀಸನ್ ಸುತ್ತಿಕೊಂಡ ಮೇಲೆ

ನನ್ನ ಬಲಗಾಲಿನ ಆಂಕಲ್ ಮೂರು ಸಲ ಉಳುಕಿದೆ. ಮೂರೂ ಸಲ ವಾಲಿಬಾಲ್ ನೆಟ್ ಹತ್ತಿರವೇ. ಬ್ಲಾಕ್‌ಗೆ ಹಾರಿ ಇಳಿಯುವಾಗ ಇನ್ನೊಬ್ಬರ ಪಾದದ ಮೇಲೆ ಕಾಲಿಟ್ಟಿದ್ದು. ಆಮೇಲೆ ಸಮ ನೆಲದ ಮೇಲೆ ನಡೆಯುವಾಗಲೂ ಕಾಲು ಕೈಕೊಡುವ ಹಾಗೆ ಆಗುತ್ತಿತ್ತು. ಆಗ ಹಿಡಿದಿದ್ದು ಈ 38 ಮಿ.ಮೀ. ಅಗಲದ ಜಿಂಕ್ ಆಕ್ಸೈಡ್ ಟೇಪ್. ಬಿಳಿ ಹತ್ತಿ ಬಟ್ಟೆ, ಎಳೆದರೆ ಹಿಗ್ಗುವುದಿಲ್ಲ.

ಕೈಯಲ್ಲೇ ಹರಿಯಬಹುದು, ಕತ್ತರಿ ಬೇಡ. ಪಾದವನ್ನು 90 ಡಿಗ್ರಿಗೆ ಇಟ್ಟುಕೊಂಡು ಮೀನಖಂಡದ ಕೆಳಗೆ ಆಂಕರ್, ಅಂದರೆ ಉಳಿದ ಪಟ್ಟಿಗಳಿಗೆ ಹಿಡಿತ ಕೊಡುವ ಸುತ್ತು ಹಾಕುತ್ತೇನೆ. ಆಮೇಲೆ ಒಳಬದಿಯಿಂದ ಹಿಮ್ಮಡಿ ಅಡಿಗೆ ತಂದು, ಹೊರಬದಿಗೆ ಬಿಗಿಯಾಗಿ ಎಳೆದು ಸ್ಟಿರಪ್. ಕೊನೆಗೆ ಹಿಮ್ಮಡಿ ಅಲುಗದಂತೆ ಸುತ್ತುವ ಹೀಲ್ ಲಾಕ್. ಇಲ್ಲಿ ಅವಸರ ಮಾಡಬೇಡಿ. ಒಂದು ಸುಕ್ಕು ಉಳಿದರೂ ಸಾಕು, ಅಲ್ಲೇ ಗುಳ್ಳೆ ಏಳುತ್ತದೆ.

ಟೇಪ್ ಸುತ್ತಿದರೆ ಸ್ನಾಯು ಸೋಮಾರಿ ಆಗುತ್ತೆ ಅಂತ ತಂಡದಲ್ಲಿ ಹೇಳುತ್ತಿದ್ದರು. ನನಗೂ ಆ ಭಯ ಇತ್ತು. ನಮ್ಮ ಫಿಸಿಯೋ ಒಂದು ದಿನ ಕಾಲಿನ ಹೊರಬದಿಯ ಪೆರೋನಿಯಸ್ ಸ್ನಾಯುವಿನ ಮೇಲೆ ಸ್ನಾಯು ಕೆಲಸ ಮಾಡುವಾಗಿನ ವಿದ್ಯುತ್ ಸಂಕೇತ ಹಿಡಿಯುವ ಇಎಂಜಿ ಸೆನ್ಸರ್ ಅಂಟಿಸಿ, ಸರಕ್ಕನೆ ವಾಲುವ ಹಲಗೆ ಮೇಲೆ ನಿಲ್ಲಿಸಿದರು. ಪಾದ ಒಳಕ್ಕೆ ಮಡಚದಂತೆ ಹೊರಗೆ ಎಳೆಯುವುದು ಇದೇ ಸ್ನಾಯು. ಹಲಗೆ ವಾಲಿತು. ಸ್ಕ್ರೀನಿನ ಗೆರೆ ಸುಮಾರು 60 ಮಿಲಿಸೆಕೆಂಡ್ ಸುಮ್ನೆ ಮಲಗಿತ್ತು, ಆಮೇಲೆ ಚಂಗನೆ ಎದ್ದಿತು. ಅಷ್ಟರಲ್ಲಿ ಪಾದ ಅರ್ಧ ಮಡಚಿಯಾಗಿತ್ತು! ಟೇಪ್ ಹಾಕಿ ಮತ್ತೆ ನಿಂತೆ. ಗೆರೆ ಏಳುವ ಹೊತ್ತು ಹೆಚ್ಚುಕಮ್ಮಿ ಅದೇ, ಎತ್ತರ ಸ್ವಲ್ಪ ಕಮ್ಮಿ. ಆದರೆ ಪಾದ ಮಡಚಿದ್ದೇ ಕಮ್ಮಿ. ಸ್ನಾಯು ಏಳುವ ತನಕ ಕಾಲನ್ನು ಯಾರೋ ಹಿಡಿದುಕೊಂಡ ಹಾಗೆ. ಇದು ನನ್ನೊಬ್ಬಳ ಕಾಲಿನ ಕಥೆ ಅಷ್ಟೇ. ಸಂಶೋಧನೆಗಳಲ್ಲಿ ಫಲಿತಾಂಶ ಒಂದೇ ಥರ ಇಲ್ಲ. ಕೆಲವುಗಳಲ್ಲಿ ಸ್ನಾಯುವಿನ ಕೆಲಸ ಕಮ್ಮಿ ಆಗಿದೆ, ಕೆಲವುಗಳಲ್ಲಿ ವ್ಯತ್ಯಾಸವೇ ಇಲ್ಲ. ಮೊದಲೇ ಉಳುಕಿದ ಕಾಲಿಗೆ ಟೇಪ್ ಹಾಕಿದರೆ ಮತ್ತೆ ಉಳುಕುವುದು ಕಮ್ಮಿ ಆಗುತ್ತದೆ ಅನ್ನುವುದಕ್ಕೆ ಮಾತ್ರ ಒಳ್ಳೆಯ ಆಧಾರ ಇದೆ.

ಬೇಸರದ ವಿಷಯ ಅಂದರೆ ಬೆವರು. ಅರ್ಧ ಗಂಟೆ ಜೋರಾಗಿ ಆಡಿದರೆ ಬಿಗಿ ಸಡಿಲವಾಗುತ್ತದೆ, ಎರಡನೇ ಸೆಟ್‌ಗೆ ಬೆರಳು ತೂರಿಸಬಹುದು. ಉದ್ದ ಪಂದ್ಯವಾದರೆ ಮಧ್ಯದಲ್ಲಿ ಹೊಸದಾಗಿ ಸುತ್ತಲೇಬೇಕು. ಬಿಚ್ಚುವಾಗ ಕೂದಲೂ ಕಿತ್ತು ಬರುತ್ತದೆ. ಅಂಟು ಒಗ್ಗದ ಚರ್ಮದವರಿಗೆ ತುರಿಕೆ ಜಾಸ್ತಿ, ಅಂಥವರು ಒಳಗೆ ತೆಳು ಫೋಮ್ ಸುತ್ತಿಕೊಳ್ಳಿ.

ಬಣ್ಣಬಣ್ಣದ, ಹಿಗ್ಗುವ ಕಿನೆಸಿಯೋ ಟೇಪನ್ನೂ ಹಾಕಿ ನೋಡಿದೆ. ಮೂರು ದಿನ ಹಾಯಾಗಿ ಅಂಟಿಕೊಂಡಿತ್ತು, ಆದರೆ ಹಿಗ್ಗುವ ಟೇಪ್ ಪಾದವನ್ನು ಹೇಗೆ ತಡೆಯುತ್ತೆ ಅಲ್ವಾ? ನೆಟ್ ಹತ್ತಿರ ನನಗೆ ಧೈರ್ಯ ಬರಲಿಲ್ಲ.

ಒಂಟಿ ಕಾಲಿನ ಬ್ಯಾಲೆನ್ಸ್, ರಬ್ಬರ್ ಬ್ಯಾಂಡ್ ಎಳೆತ ಎರಡನ್ನೂ ಟೇಪ್ ಇಲ್ಲದೆ ದಿನವೂ ಮಾಡುತ್ತೇನೆ, ಬಿಟ್ಟಿಲ್ಲ. ಇನ್ನೊಂದು, ರೋಲನ್ನು ಬಿಸಿಲಲ್ಲಿ ಇಡಬೇಡಿ. ಅಂಟು ಕರಗಿ ಪದರಗಳು ಕಚ್ಚಿಕೊಂಡರೆ ಪಂದ್ಯದ ಹೊತ್ತಿಗೆ ಚೂರುಚೂರಾಗಿ ಕೈಗೆ ಬರುತ್ತದೆ.