ಓವರ್‌ಕ್ಲಾಕ್ ಮಾಡಿದ ಪಿಸಿ ಕೆಡಲಿಲ್ಲ, ಫೈಲುಗಳು ಕೆಟ್ಟವು

ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ನಂಬಿ ಕಟ್ಟಿಸಿದ ಪಿಸಿ ಮನೆಯಲ್ಲಿದ್ದು, ಬಯಾಸ್‌ಗೆ (ಪಿಸಿಯ ಮೂಲ ಸೆಟ್ಟಿಂಗುಗಳಿರುವ ಜಾಗ) ಹೋಗಿ ಅದರ ವೇಗ ಏರಿಸುವ, ಅಂದರೆ ಓವರ್‌ಕ್ಲಾಕ್ ಮಾಡುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ.

ಇದು ವಿರಾಜಪೇಟೆ ಕಡೆಯ ಒಂದು ಹೋಮ್‌ಸ್ಟೇಯ ಪಿಸಿಗೆ ಆದದ್ದು. ರೈಜನ್ 5 5600ಜಿ ಪ್ರೊಸೆಸರ್, 8 ಜಿಬಿಯ ಎರಡು ರ‍್ಯಾಮ್, ವಿಆರ್‌ಎಂ (ಪ್ರೊಸೆಸರಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗ) ಮೇಲೆ ಹೀಟ್‌ಸಿಂಕ್ ಕೂಡ ಇಲ್ಲದ ಅಗ್ಗದ ಬಿ450 ಬೋರ್ಡು, ಪ್ರೊಸೆಸರಿನ ಡಬ್ಬದಲ್ಲೇ ಬಂದ ರೈತ್ ಸ್ಟೆಲ್ತ್ ಕೂಲರ್. ಹಗಲು ಬುಕಿಂಗು, ತೋಟದ ಲೆಕ್ಕ; ರಾತ್ರಿ ಹುಡುಗರ ಗೇಮು. ಗ್ರಾಫಿಕ್ಸ್ ಕ್ಲಾಕ್ 1900 ಮೆಗಾಹರ್ಟ್ಸ್‌ನಿಂದ 2300ಕ್ಕೆ, ರ‍್ಯಾಮ್ 3200ರಿಂದ 3800ಕ್ಕೆ, ಅದಕ್ಕೆ ಹೊಂದಿಕೊಂಡು ಎಫ್‌ಕ್ಲಾಕ್ (ಚಿಪ್‌ನೊಳಗಿನ ಭಾಗಗಳನ್ನು ಬೆಸೆಯುವ ದಾರಿಯ ವೇಗ) 1900ಕ್ಕೆ ಏರಿಸಿದರು. ವೋಲ್ಟೇಜನ್ನು ‘ಆಟೋ’ ಮೇಲೆ ಬಿಟ್ಟರು. ಡಿಸೆಂಬರಿನ ಚಳಿಯಲ್ಲಿ ಇಪ್ಪತ್ತು ನಿಮಿಷ ಫರ್‌ಮಾರ್ಕ್ ಎಂಬ ಗ್ರಾಫಿಕ್ಸ್ ಪರೀಕ್ಷೆ ಓಡಿತು. ಪಾಸ್ ಅಂತ ಎದ್ದುಬಿಟ್ಟರು.

ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಸಣ್ಣಪುಟ್ಟ ಕಾಟ ಶುರು. ಮೌಸ್ ಒಂದು ಕ್ಷಣ ಕಡಿದುಹೋಗಿ ಮತ್ತೆ ಬರುವುದು, ಪರದೆ ಕಪ್ಪಾಗಿ ತಾನೇ ಸರಿಯಾಗುವುದು, ಜಿಪ್ ಬಿಚ್ಚುವಾಗ ಸಿಆರ್‌ಸಿ (ಫೈಲ್ ಸರಿಯಿದೆಯೇ ಎಂದು ನೋಡುವ ತಾಳೆ) ತಪ್ಪು. ಕೊಡಗಿನಲ್ಲಿ ಇಂಥದ್ದಕ್ಕೆಲ್ಲ ಬೈಸಿಕೊಳ್ಳುವುದು ಥಂಡಿ, ಇಲ್ಲವೇ ಕರೆಂಟು. ಥಂಡಿಯ ಮಾತು ಇಲ್ಲಿ ಸಲ್ಲದು: ಓಡುತ್ತಿರುವ ಪಿಸಿ ಕೋಣೆಗಿಂತ ಬಿಸಿಯಾಗಿರುವುದರಿಂದ ಬೆವರುವುದಿಲ್ಲ, ವಾರಗಟ್ಟಲೆ ಆಫ್ ಮಾಡಿಟ್ಟ ಪಿಸಿಯಾದರೆ ಬೇರೆ ವಿಷಯ. ಕರೆಂಟಿನ ಪಾತ್ರ ಇತ್ತು, ಆದರೆ ಅವರು ಎಣಿಸಿದಂತೆ ಅಲ್ಲ.

ಪೂರ್ತಿ ಆಫ್ ಆಗಿ ಮತ್ತೆ ಎದ್ದಾಗಲೆಲ್ಲ ಬೋರ್ಡು ರ‍್ಯಾಮ್‌ನ ಸಿಗ್ನಲ್ ಹೊಂದಾಣಿಕೆಯನ್ನು ಹೊಸದಾಗಿ ಮಾಡಿಕೊಳ್ಳುವುದುಂಟು. ಇದಕ್ಕೆ ಮೆಮೊರಿ ಟ್ರೇನಿಂಗ್ ಅನ್ನುತ್ತಾರೆ. 3200ರಲ್ಲಿ ಅಷ್ಟಿಷ್ಟು ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಅಂಚಿನಲ್ಲಿ ನಿಂತ 3800ರಲ್ಲಿ ನಿನ್ನೆ ಸರಿಯಿದ್ದದ್ದು ಇವತ್ತು ತಪ್ಪಬಹುದು. ದಿನಕ್ಕೆ ನಾಲ್ಕು ಸಲ ಕರೆಂಟು ಹೋದರೆ ನಾಲ್ಕು ಸಲ ಕವಡೆ ಎಸೆದಂತೆ. ಎರಡು ಬಾರಿ ಆ ಬೋರ್ಡು ಬೂಟ್ ಆಗದೆ, ತಾನೇ ಡೀಫಾಲ್ಟ್‌ಗೆ ಮರಳಿ, ಎಫ್1 ಒತ್ತಿ ಎಂದು ಕೇಳಿತ್ತು. ಸೇವ್ ಮಾಡಿಟ್ಟ ಪ್ರೊಫೈಲನ್ನು ಮತ್ತೆ ಲೋಡ್ ಮಾಡಿದರು!

ಮೂಲ ಕಾರಣ ಇನ್ನೂ ಒಳಗಿದೆ. ಎಎಂಡಿಯ ಎಎಂ4 ಸಾಕೆಟ್ಟಿನ ಇಂಥ ಚಿಪ್‌ಗಳಲ್ಲಿ ಗ್ರಾಫಿಕ್ಸ್, ಮೆಮೊರಿ ಕಂಟ್ರೋಲರ್, ಇನ್ಫಿನಿಟಿ ಫ್ಯಾಬ್ರಿಕ್ (ಎಫ್‌ಕ್ಲಾಕ್ ಇದರ ವೇಗವೇ) ಮೂರಕ್ಕೂ ಎಸ್‌ಒಸಿ ಎಂಬ ಒಂದೇ ಲೈನಿನಿಂದ ವಿದ್ಯುತ್ತು. ಗ್ರಾಫಿಕ್ಸ್ ಕ್ಲಾಕ್ ಏರಿಸಿದರೆ ಎಳೆತ ಹೆಚ್ಚುವುದು ಆ ಲೈನಿನಲ್ಲೇ. ಅಗ್ಗದ ಬೋರ್ಡುಗಳಲ್ಲಿ ಅದಕ್ಕೆ ಮೀಸಲಿರುವುದು ವಿಆರ್‌ಎಂನ ಒಂದೆರಡು ಫೇಸ್ (ವಿದ್ಯುತ್ ಕವಲು) ಮಾತ್ರ. ‘ಆಟೋ’ ಅಲ್ಲಿಗೆ 1.26 ವೋಲ್ಟ್ ಕೊಡುತ್ತಿದ್ದುದು ಎಚ್‌ಡಬ್ಲ್ಯುಇನ್ಫೋ ಎಂಬ ಅಳತೆಯ ಸಾಫ್ಟ್‌ವೇರಿನಲ್ಲಿ ಕಂಡಿತು. ಇದು ಬಹಳ ಜಾಸ್ತಿ, 1.1ರ ಆಸುಪಾಸು ಸಾಕು, 1.2 ದಾಟಬಾರದು. ಇಷ್ಟಾದರೂ ಗೇಮಿನ ಭಾರ ಬಿದ್ದಾಗ ಬಿಸಿಯಾದ ವಿಆರ್‌ಎಂ ಕೊಡುವ ವೋಲ್ಟೇಜ್ ಕುಸಿಯುತ್ತಿತ್ತು, ತಪ್ಪು ನುಸುಳುತ್ತಿದ್ದುದು ರ‍್ಯಾಮ್‌ನಲ್ಲಿ.

ಅದರ ಫಲ ಫೋಟೋಗಳಲ್ಲಿ ಕಂಡಿತು. ಮಾಂದಲಪಟ್ಟಿಯ ಒಂದು ಚಿತ್ರದಲ್ಲಿ ಮೇಲಿನ ಅರ್ಧ ಮಂಜು, ಬೆಟ್ಟ ಎಲ್ಲ ಸರಿ. ನಡುವಿನಿಂದ ಕೆಳಗೆ ನೇರಳೆ ಪಟ್ಟಿ, ಆಮೇಲೆ ಬರೀ ಬೂದಿ. ಬ್ಯಾಕಪ್ ಇದೆಯಲ್ಲ ಎಂದು ಹೊರಗಿನ ಡಿಸ್ಕ್ ತೆರೆದರೆ ಅದರಲ್ಲೂ ಅದೇ ನೇರಳೆ ಪಟ್ಟಿ. ಕೆಟ್ಟ ಫೈಲೇ ಕಾಪಿಯಾಗಿತ್ತು. ಮೂಲ ಸರಿಯಿದ್ದು ಬ್ಯಾಕಪ್ ಮಾತ್ರ ಕೆಟ್ಟವೂ ಸಿಕ್ಕವು, ಯಾಕೆಂದರೆ ಕಾಪಿ ಹೋಗುವುದೂ ರ‍್ಯಾಮ್ ಮೂಲಕವೇ. ಡಿಸ್ಕಿನ ತಪ್ಪಿಲ್ಲ, ಕೊಟ್ಟದ್ದನ್ನು ಅದು ನಿಷ್ಠೆಯಿಂದ ಬರೆದಿಟ್ಟಿದೆ. ಟ್ಯಾಲಿಯ ಡೇಟಾ ಫೋಲ್ಡರಿಗೂ ಇದೇ ಗತಿಯಾಯಿತು, ವರ್ಷದ ಕಾಫಿ, ಕರಿಮೆಣಸಿನ ಲೆಕ್ಕವನ್ನು ಬಿಲ್ಲು ಹುಡುಕಿ ಮತ್ತೆ ಹಾಕಬೇಕಾಯಿತು.

ನಿಮ್ಮ ಪಿಸಿ ಈಗಾಗಲೇ ಏರಿಸಿದ್ದಾಗಿದ್ದರೆ ಇವತ್ತೇ ನೋಡಬೇಕಾದದ್ದು: ರ‍್ಯಾಮ್‌ಗಿಂತ ದೊಡ್ಡ ಒಂದು ಫೈಲ್ ತೆಗೆದುಕೊಳ್ಳಿ, 16 ಜಿಬಿ ರ‍್ಯಾಮ್ ಇದ್ದರೆ 20 ಜಿಬಿಯದ್ದು. 7-ಜಿಪ್ ಹಾಕಿಕೊಂಡಿದ್ದರೆ ರೈಟ್ ಕ್ಲಿಕ್ ಮೆನುವಿನಲ್ಲಿ ಶಾ-256 (SHA-256, ಫೈಲಿನಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ) ಇರುತ್ತದೆ. ಗೇಮ್ ಓಡುತ್ತಿರುವಾಗಲೇ ಅದನ್ನು ಮೂರು ಬಾರಿ ತೆಗೆಯಿರಿ. ಒಂದಕ್ಷರ ಬೇರೆ ಬಂದರೂ ಆ ಪಿಸಿಯಲ್ಲಿ ಮುಂದೆ ಏನನ್ನೂ ಸೇವ್ ಮಾಡಬೇಡಿ. ಚಿಕ್ಕ ಫೈಲ್ ಆಗದು, ಎರಡನೇ ಸಲ ಡಿಸ್ಕನ್ನು ಮುಟ್ಟದೆ ಕ್ಯಾಶ್‌ನಿಂದಲೇ ಓದಿಬಿಡುತ್ತದೆ. ವಿಂಡೋಸ್‌ನ ತಪ್ಪುಗಳ ದಾಖಲೆಯಾದ ಈವೆಂಟ್ ವ್ಯೂವರ್‌ನಲ್ಲಿ ‘ವಿಯಾ ಲಾಗರ್’ (WHEA-Logger) 18, 19, ಮತ್ತು ‘ಡಿಸ್‌ಪ್ಲೇ’ 4101 ಇವೆಯೇ ನೋಡಿ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ನಾಲ್ಕು ಪಾಸ್ ಮುಗಿಸಿದರೂ ನೆಮ್ಮದಿ ಬೇಡ: ಅದು ವಿಂಡೋಸ್‌ಗಿಂತ ಮೊದಲೇ ಓಡುವುದರಿಂದ ಒಳಗಿನ ಗ್ರಾಫಿಕ್ಸ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಫರ್‌ಮಾರ್ಕ್ ಮತ್ತು ಒಸಿಸಿಟಿ ಎಂಬ ಸಾಫ್ಟ್‌ವೇರಿನ ಮೆಮೊರಿ ಪರೀಕ್ಷೆ ಎರಡನ್ನೂ ಒಟ್ಟಿಗೆ ಓಡಿಸಬೇಕು. ಅದೂ ಏಪ್ರಿಲ್ ಮಧ್ಯಾಹ್ನ, ಕಿಟಕಿ ಮುಚ್ಚಿ, ಒಂದೆರಡು ಗಂಟೆ.

ಹಿಂದಕ್ಕೆ ತರುವುದು ಸುಲಭ. ಪವರ್ ಕೇಬಲ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿದು ಉಳಿದ ಚಾರ್ಜ್ ಇಳಿಸಿ, ಸಿಎಂಒಎಸ್ (ಬಯಾಸ್ ಸೆಟ್ಟಿಂಗುಗಳ ನೆನಪು) ಕ್ಲಿಯರ್ ಮಾಡುವ, ಬೋರ್ಡಿನ ಮೇಲಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ. ಬಯಾಸ್‌ನ ಹಳೆಯ ಪ್ರೊಫೈಲುಗಳನ್ನೂ ಅಳಿಸಿ, ಇಲ್ಲದಿದ್ದರೆ ಕೈ ಸುಮ್ಮನಿರುವುದಿಲ್ಲ. ಆಮೇಲೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್) 3200 ಮಾತ್ರ ಆನ್ ಮಾಡಿ.

ಇಷ್ಟಕ್ಕೂ ವೇಗ ಬೇಕಿದ್ದರೆ ಅದು ಸಿಗುವುದು ಬೇರೆ ಕಡೆ. ಒಂದೇ ರ‍್ಯಾಮ್ ಇದ್ದರೆ ಡಿಡಿಆರ್4-3200 ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಎರಡು ಹಾಕಿದರೆ 51.2. ಒಳಗಿನ ಗ್ರಾಫಿಕ್ಸ್ ಹಸಿದಿರುವುದು ಇದಕ್ಕೇ; ಒಂದೇ ರ‍್ಯಾಮ್ ಇಟ್ಟುಕೊಂಡು ಕ್ಲಾಕ್ ತಿರುಚುವುದು ವ್ಯರ್ಥ. ಇನ್ನು ಪ್ರೊಸೆಸರ್ ಕೋರುಗಳ ವಿಷಯ: 65 ವ್ಯಾಟ್‌ನ ಈ ಚಿಪ್‌ಗೆ ಕಾರ್ಖಾನೆಯ ಮಿತಿ 88 ವ್ಯಾಟ್. ಕೈಯಾರೆ ಒಂದೇ ವೇಗ ನಿಗದಿ ಮಾಡಿದರೆ ಆ ಮಿತಿಯೇ ಇರುವುದಿಲ್ಲ. ರೈತ್ ಸ್ಟೆಲ್ತ್ ಅದನ್ನು ತಡೆಯದು, ಓವರ್‌ಕ್ಲಾಕ್‌ನಿಂದ ಸುಟ್ಟರೆ ವಾರಂಟಿಯೂ ಇಲ್ಲ.

ಇಷ್ಟೆಲ್ಲ ಆದಮೇಲೆ ‘ಹೊಸ ಬಯಾಸ್ ಹಾಕಿದರೆ ಸರಿಹೋಗುತ್ತದೆ’ ಎನ್ನುವವರು ಸಿಗುತ್ತಾರೆ. ಹಾಕಬಹುದು, ಆದರೆ ಎಲ್ಲವನ್ನೂ ಡೀಫಾಲ್ಟ್‌ಗೆ ತಂದ ಮೇಲೆ, ಮತ್ತು ಅರ್ಧ ಗಂಟೆ ತಡೆಯುವ ಯುಪಿಎಸ್ ಇದ್ದರೆ ಮಾತ್ರ. ಕಕ್ಕಡದ (ಕೊಡಗಿನ ಆಟಿ ತಿಂಗಳು) ಮಳೆಯಲ್ಲಿ, ಯುಪಿಎಸ್ ಇಲ್ಲದೆ, ಮರ ಬಿದ್ದು ಯಾವಾಗ ಲೈನು ಹೋಗುತ್ತದೋ ತಿಳಿಯದ ಹೊತ್ತಿನಲ್ಲಿ ಬೇಡ.