ಹೀಟರ್ ರಾಡ್‌ಗೆ ಯಾವ ಮೀಟರ್? ನಾಲ್ಕು ದಾರಿ ಹಿಡಿದು ಅಳೆದು ನೋಡಿದೆ

ಹುಬ್ಬಳ್ಳಿಯ ಉಣಕಲ್‌ನಲ್ಲಿರುವ ನಮ್ಮ ಮನೆಯಲ್ಲಿ ಸ್ನಾನದ ನೀರು ಕಾಯೋದು 1500 ವ್ಯಾಟ್‌ನ ಹೀಟರ್ ರಾಡ್‌ನಲ್ಲಿ. ಈ ಚಳಿಗಾಲ ಅವ್ವ ಎರಡು ಮೂರು ಸಲ ಹೇಳಿದಳು: "ಮೊದಲಿನಂಗ ನೀರ ಲಗೂನ ಕಾಯವಲ್ದು ನೋಡಪಾ." ರಾಡ್ ಹೋಗಿದೆ, ಹೊಸದು ತರ್ತೀನಿ ಅಂತ ತಮ್ಮ ದುರ್ಗದಬೈಲ್ ಪೇಟೆಗೆ ಹೊರಟಿದ್ದ. ತಡಿ, ಮೊದಲು ಅಳೆದು ನೋಡೋಣ ಅಂದೆ.

ಮೊದಲು ಮಲ್ಟಿಮೀಟರ್. ಪ್ಲಗ್ ಕಿತ್ತು, ಅದರ ಎರಡು ಪಿನ್‌ಗಳಿಗೆ ಲೀಡ್ ಹಿಡಿದು ಓಮ್‌ನಲ್ಲಿಟ್ಟೆ, ಅಂದರೆ ರೋಧ (ಕರೆಂಟಿಗೆ ತಂತಿ ಒಡ್ಡುವ ತಡೆ) ಅಳೆಯುವ ಜಾಗಕ್ಕೆ. 35.6 ಬಂತು. ಎರಡು ಲೀಡ್ ಒಂದಕ್ಕೊಂದು ತಾಗಿಸಿದರೆ ಅವುಗಳದ್ದೇ 0.3 ಇತ್ತು. ಅದನ್ನು ಕಳೆದರೆ 35.3 ಓಮ್. ಈಗ 1500 ವ್ಯಾಟ್ ರಾಡ್‌ಗೆ ಎಷ್ಟಿರಬೇಕು, ಲೆಕ್ಕ ನೋಡಿ: 230 ವೋಲ್ಟ್‌ನ ವರ್ಗವನ್ನು 1500ರಿಂದ ಭಾಗಿಸಿದರೆ ಬರೋದೂ 35.3. ಅಂದರೆ ರಾಡ್‌ನಲ್ಲಿ ದೋಷವಿಲ್ಲ. ಎರಡು ನಿಮಿಷದ ಕೆಲಸ, ಕರೆಂಟಿನ ಭಯವೂ ಇಲ್ಲ.

ಆದರೆ ಈ ದಾರಿ ಎಲ್ಲದಕ್ಕೂ ಆಗಲ್ಲ. ಹೀಟರಿನ ನೈಕ್ರೋಮ್ ತಂತಿ ಕಾದಾಗಲೂ ಅದರ ರೋಧ ಹೆಚ್ಚು ಬದಲಾಗಲ್ಲ, ಅದಕ್ಕೇ ಲೆಕ್ಕ ಕೂಡಿತು. ಕಪಾಟಿನಲ್ಲಿದ್ದ ಹಳೆಯ 100 ವ್ಯಾಟ್ ಬಲ್ಬ್ ಅಳೆದರೆ ಬರೀ 40 ಓಮ್ ತೋರಿಸಿತು. ಅದನ್ನು ನಂಬಿದರೆ ಆ ಬಲ್ಬ್ 1200 ವ್ಯಾಟ್‌ಗಿಂತ ಜಾಸ್ತಿ ಎಳೆಯಬೇಕು! ಹಚ್ಚಿ ಅಳೆದಾಗ 224 ವೋಲ್ಟ್, 0.43 ಆಂಪ್. ಭಾಗಿಸಿದರೆ 521 ಓಮ್, ಗುಣಿಸಿದರೆ 96 ವ್ಯಾಟ್. ಟಂಗ್‌ಸ್ಟನ್ ತಂತಿ ಬೆಳ್ಳಗೆ ಬೆಳಗುವಷ್ಟು ಕಾದಾಗ ಅದರ ರೋಧ ಹತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ತಣ್ಣಗಿದ್ದಾಗ ಅಳೆದರೆ ಅದು ತಿಳಿಯೋದೇ ಇಲ್ಲ.

ಎರಡನೆಯದು ಗೆಳೆಯನಿಂದ ತಂದ, ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್. 16 ಆಂಪ್‌ನದು. ಬಳಸಲು ಇದಕ್ಕಿಂತ ಸುಲಭದ್ದು ಇಲ್ಲ. ರಾಡ್ ನೀರಿಗೆ ಬಿಟ್ಟು ಸ್ವಿಚ್ ಒತ್ತಿದೆ: 208 ವೋಲ್ಟ್, 5.9 ಆಂಪ್, 1227 ವ್ಯಾಟ್. ನೀರು ತಡವಾಗಿ ಕಾಯೋದು ನಿಜ ಅಂತ ಗೊತ್ತಾಯಿತು. ಯಾಕೆ ಅಂತ ಗೊತ್ತಾಗಲಿಲ್ಲ. ಅದು ನೋಡೋದು ತಾನು ಕೂತ ಜಾಗವನ್ನಷ್ಟೇ.

ಮೂರನೆಯದು, ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂನ ಮೀಟರಿನಲ್ಲಿ ಮಿಣುಕುವ ಕೆಂಪು ದೀಪ ಎಣಿಸೋದು. ಇದು ಪೂರ್ತಿ ಪುಕ್ಕಟೆ. ನಮ್ಮ ಮೀಟರ್ ಮೇಲೆ ಯೂನಿಟ್‌ಗೆ 3200 ಮಿಣುಕು ಅಂತ ಬರೆದಿದೆ. ಮನೆಯ ಉಳಿದದ್ದೆಲ್ಲ ಆಫ್ ಮಾಡಿ ಒಂದು ನಿಮಿಷ ಎಣಿಸಿದೆ, 69 ಬಂತು. 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ 1.29 ಕಿಲೋವ್ಯಾಟ್, ಅಂದರೆ ಸುಮಾರು 1290 ವ್ಯಾಟ್. ಫ್ರಿಜ್ ನಡುವೆ ಚಾಲೂ ಆದರೆ ಲೆಕ್ಕ ಕೆಡುತ್ತದೆ, ಅಷ್ಟೇ.

ಇಲ್ಲಿ ನಾನು ನಿಂತೆ. ಮೀಟರ್ ಬೋರ್ಡ್‌ನಿಂದ ಹೊರಟಿದ್ದು 1290, ರಾಡ್‌ಗೆ ಮುಟ್ಟಿದ್ದು 1227. ನಡುವೆ 60ಕ್ಕಿಂತ ಹೆಚ್ಚು ವ್ಯಾಟ್ ಎಲ್ಲಿ ಹೋಯಿತು?

ಅದಕ್ಕೆ ನಾಲ್ಕನೆಯ ದಾರಿ, ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಬೇರೆ ಬೇರೆ ಅಳೆಯೋದು. ಕರೆಂಟ್‌ಗೆ ಕ್ಲಾಂಪ್ ಮೀಟರ್, ಅಂದರೆ ವೈರನ್ನು ಬಾಯಲ್ಲಿ ಹಿಡಿದು ಅದರಲ್ಲಿ ಹರಿಯುವ ಕರೆಂಟ್ ಅಳೆಯುವಂಥದ್ದು. ಪೂರ್ತಿ ವೈರ್‌ಗೆ ಅದನ್ನು ಹಾಕಿದರೆ ಸೊನ್ನೆ ತೋರಿಸುತ್ತದೆ. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬರ್ತದೆ, ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸುತ್ತದೆ. ಹಾಗಾಗಿ ಒಂದು ಗಿಡ್ಡ ಎಕ್ಸ್‌ಟೆನ್ಶನ್ ವೈರಿನ ಹೊರಗಿನ ಕವಚ ಮಾತ್ರ ಸೀಳಿ, ಒಳಗಿನ ಒಂದೇ ಎಳೆಯನ್ನು ಕ್ಲಾಂಪಿನ ಬಾಯಿಗೆ ಕೊಟ್ಟೆ. ಎಳೆಯ ಮೇಲಿನ ಪ್ಲಾಸ್ಟಿಕ್‌ಗೆ ಬ್ಲೇಡ್ ತಾಗಕೂಡದು, ಇದನ್ನು ಮರೀಬೇಡಿ. 5.9 ಆಂಪ್.

ರಾಡ್ ಓಡುತ್ತಿರುವಾಗಲೇ ಮೇನ್ ಸ್ವಿಚ್ ಪಕ್ಕದ ಖಾಲಿ ಸಾಕೆಟ್‌ನಲ್ಲಿ ವೋಲ್ಟೇಜ್ ನೋಡಿದೆ: 219. ಬಚ್ಚಲ ಸಾಕೆಟ್‌ನಲ್ಲಿ 208. ದಾರಿಯಲ್ಲಿ 11 ವೋಲ್ಟ್ ಬಿದ್ದಿದೆ. 11ನ್ನು 5.9ರಿಂದ ಭಾಗಿಸಿದರೆ 1.9 ಓಮ್, ಗುಣಿಸಿದರೆ 65 ವ್ಯಾಟ್. ಕಾಣೆಯಾದದ್ದು ಇಲ್ಲಿತ್ತು. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ಅದೇ ಲೆಕ್ಕ ನಮ್ಮ ಬಚ್ಚಲ ಗೋಡೆಯೊಳಗಿನ ದೋಷ ತೋರಿಸಿಕೊಟ್ಟಿತು.

ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದೆವು. ಹಿಂದಿನ ಒಂದು ಸ್ಕ್ರೂ ಸಡಿಲ. ತಾಮ್ರದ ತುದಿ ಕಪ್ಪಾಗಿದೆ, ಸುತ್ತಲಿನ ಪ್ಲಾಸ್ಟಿಕ್ ಚಹಾ ಬಣ್ಣಕ್ಕೆ ತಿರುಗಿ ಉಬ್ಬಿದೆ. 65 ವ್ಯಾಟ್ ಅಂದರೆ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಎರಡೂವರೆ. ಅಷ್ಟು ಬಿಸಿ ದಿನಾ ಬೆಳಿಗ್ಗೆ ಆ ಸಣ್ಣ ಡಬ್ಬಿಯಲ್ಲಿ ಕೂತಿತ್ತು, ಅವ್ವನ ಕೈ ಹತ್ತಿರ. ನೋಡಿ ನನಗೆ ಎದೆ ಝಲ್ಲೆಂದಿತು.

ಹಾಗಾಗಿ ಹೀಟರ್, ಇಸ್ತ್ರಿ ಪೆಟ್ಟಿಗೆಯಂಥದ್ದಕ್ಕೆ ನನ್ನ ಓಟು ನಾಲ್ಕನೆಯದಕ್ಕೇ. ಆದರೆ ಎಲ್‌ಇಡಿ ಬಲ್ಬ್‌ಗೆ ಬೇಡ. ಅಗ್ಗದ 9 ವ್ಯಾಟ್ ಬಲ್ಬಿನ ಕರೆಂಟ್ ತೀರಾ ಕಡಿಮೆ, ವೈರಿನ ಒಂದೇ ಎಳೆಯನ್ನು ಕ್ಲಾಂಪಿಗೆ ಹತ್ತು ಸುತ್ತು ಸುತ್ತಿ ಬಂದದ್ದನ್ನು ಹತ್ತರಿಂದ ಭಾಗಿಸಿದೆ. 224 ವೋಲ್ಟ್, 0.075 ಆಂಪ್, ಗುಣಿಸಿದರೆ 17. ವ್ಯಾಟ್ ಮೀಟರ್ ಮಾತ್ರ 9 ತೋರಿಸಿತು, ಅದೇ ಸರಿ. ಅಂಥ ಬಲ್ಬ್ ಕರೆಂಟನ್ನು ವೋಲ್ಟೇಜ್ ಅಲೆಯ ಜೊತೆ ಹೊಂದಿಸಿ ಎಳೆಯಲ್ಲ, ಇದಕ್ಕೇ ಪವರ್ ಫ್ಯಾಕ್ಟರ್ ಕಡಿಮೆ ಅನ್ನೋದು. ಸುಮ್ನೆ ಗುಣಿಸಿದರೆ ಆಗಲ್ಲ, ಅಲ್ವಾ? ಫ್ಯಾನಿಗೂ ಮೋಟರಿಗೂ ಇದೇ ಮಾತು, ವ್ಯಾಟ್ ಮೀಟರ್ ಬೇಕು.

ತಮ್ಮ ದುರ್ಗದಬೈಲ್‌ಗೆ ಹೋಗಿ ರಾಡ್ ಬದಲು ಸಾಕೆಟ್ ತಂದ. ಕೂಡಿಸಿ ಮತ್ತೆ ಅಳೆದೆ. ಬೋರ್ಡ್‌ನಲ್ಲಿ 218, ಬಚ್ಚಲಲ್ಲಿ 217. ಕ್ಲಾಂಪ್ 6.15 ಆಂಪ್ ತೋರಿಸಿತು.